ನಾಯಕಿಯ ಶಕ್ತಿ ಕುರಿತು ಗಂಡಸರ ಭಾಷಣ

ಸ್ತ್ರೀಶಕ್ತಿಯ ಬಗ್ಗೆ ಗಂಡಸರು ಭಾಷಣಕ್ಕೆ ನಿಂತರೆಂದರೆ ಪಕ್ಕದಲ್ಲೆಲ್ಲೋ ಒಬ್ಬ ಹೆಂಗಸು ಬಾಯಿ ಮುಚ್ಚಿಕೊಂಡು ಕೂತಿರಲೇಬೇಕು. ನನ್ನ ನೌಕರಿಯ ಉದ್ದಕ್ಕೂ ಆ ಹೆಂಗಸು ಬಹಳ ಸಲ ನಾನೇ ಆಗಿದ್ದೆ.

ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ಪಠ್ಯಕ್ಕೆ ಹೆಸರಾಂತ ಹಳೆಯ ಕಾದಂಬರಿಯೊಂದಿತ್ತು. ಅದರ ನಾಯಕಿ ದೊಡ್ಡ ಮನೆತನದ ಸೊಸೆ. ಮುಳುಗುತ್ತಿದ್ದ ಮನೆಯನ್ನು ದಡ ಮುಟ್ಟಿಸುತ್ತಾಳೆ. ಆದರೆ ಇಡೀ ಪುಸ್ತಕದಲ್ಲಿ ಆಕೆ ಆಡುವ ಮಾತೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುತ್ತದೆ. ಕೊನೆಗೆ ಊರವರು ಶಾಲು ಹೊದಿಸುವುದು ಗಂಡನಿಗೆ! ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಒಂದು ಸಲವಾದರೂ ನಾಲ್ಕು ಜನರ ಮುಂದೆ ಇದನ್ನು ಹೇಳಿಯೇ ತೀರಬೇಕೆಂದು ಹಟ ಹಿಡಿದಿದ್ದೆ.

೧. ಹೆಣ್ಣಿನ ಅಂತರಂಗ

ಮೊದಲು ನಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, ಆ ಕಾದಂಬರಿಯ ಪಾಠ ನನಗೆ ಕೊಡಿ ಎಂದು ಕೇಳಿದೆ.

"ಬ್ಯಾಡ್ರಿ, ನೀವು ವ್ಯಾಕರಣ ಮಾಡ್ರಿ. ಅದರಾಗ ಹೆಣ್ಣಿನ ಅಂತರಂಗ ಭಾಳ ಸೂಕ್ಷ್ಮ ಐತಿ. ನಿಮಗ ತಿಳಿಯಂಗಿಲ್ಲ" ಎಂದರು.

ಅವರೇ ಪಾಠ ಮಾಡಿದರು. ಪಕ್ಕದ ಕೋಣೆಯಲ್ಲಿ ಸಂಧಿ ಸಮಾಸ ಬೋಧಿಸುತ್ತಿದ್ದ ನನಗೆ ಎಲ್ಲವೂ ಕೇಳುತ್ತಿತ್ತು. ಒಂದು ಹುಡುಗಿ ಎದ್ದು ನಿಂತು, "ಸರ್, ಇಷ್ಟೆಲ್ಲಾ ಆದ್ರೂ ಅಕಿ ಯಾಕ ಒಂದು ಮಾತೂ ಆಡಂಗಿಲ್ರಿ?" ಎಂದಳು.

"ಅದ ನೋಡವಾ ಅಕಿ ದೊಡ್ಡ ಗುಣ! ಸುಮ್ಮನಿರೋದ ಹೆಣ್ಣಿನ ಶಕ್ತಿ."

"ಹಂಗಾದ್ರ ಪರೀಕ್ಷಾದಾಗ ನಾವೂ ಖಾಲಿ ಹಾಳಿ ಕೊಡ್ತೀವ್ರಿ, ಪಾಸ್ ಮಾಡ್ತೀರೇನ್ರಿ?"

೨. ಕೀಲಿಕೈ ಗೊಂಚಲು

ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಅದೇ ಕಾದಂಬರಿಯ ಮೇಲೆ ವಿಚಾರಗೋಷ್ಠಿ. ನನಗೂ ಕರೆ ಬಂದಿತ್ತು. ಖುಷಿಯಿಂದ ಭಾಷಣ ಸಿದ್ಧಮಾಡಿಕೊಂಡು, ಬಸ್ಸಿನ ಧೂಳು ಕುಡಿದು ಹೋದೆ. ಗಿರಣಿ ಮಾಲೀಕರು ಎದುರುಗೊಂಡು, "ಬರ್ರಿ ಮೇಡಂ, ನಿಮ್ಮ ಸಲುವಾಗಿನ ತಡದೀವಿ. ಪ್ರಾರ್ಥನಾ ಗೀತಿ ಶುರು ಮಾಡ್ರಿ" ಎಂದರು.

"ನನಗೆ ಹಾಡಲು ಬರುವುದಿಲ್ಲ. ಭಾಷಣಕ್ಕೆ ಬಂದಿದ್ದೇನೆ."

"ಹಾಡಾಕ ಬರಂಗಿಲ್ಲಂದ್ರ ಹೆಣ್ಣುಮಕ್ಕಳನ್ನ ಯಾಕ್ರಿ ಕರಸ್ತಿದ್ವಿ?" ಅವರು ನಿಜವಾಗಿಯೂ ನೊಂದುಕೊಂಡರು.

ವೇದಿಕೆಯ ಮೇಲೆ ಸಾಲಾಗಿ ಗಂಡಸರು. ನನ್ನ ಭಾಷಣದ ಮಾತೇ ಎತ್ತದೆ ನನ್ನನ್ನು ಕೆಳಗೆ ಮಾಲೀಕರ ಹೆಂಡತಿಯ ಪಕ್ಕ ಕೂಡಿಸಿದರು. ನಮ್ಮ ಮುಖ್ಯಸ್ಥರು ಮೈಕು ಹಿಡಿದು, "ನಾಯಕಿಯ ಸೊಂಟದಲ್ಲಿ ಕೀಲಿಕೈಗಳ ಗೊಂಚಲು! ಯಾರ ಸೊಂಟದಲ್ಲಿ ಕೀಲಿಕೈಯೋ ಅವರದೇ ಮನೆ, ಅವರದೇ ಅಧಿಕಾರ!" ಎಂದು ಗುಡುಗಿದರು. ಚಪ್ಪಾಳೆ ಬಿತ್ತು.

ಪಕ್ಕದಲ್ಲಿದ್ದಾಕೆಯ ಸೊಂಟದಲ್ಲೂ ದೊಡ್ಡ ಗೊಂಚಲಿತ್ತು. ನಾನು ಅದನ್ನೇ ನೋಡುತ್ತಿದ್ದೇನೆಂದು ತಿಳಿದು ಆಕೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ಇವು ಬಚ್ಚಲದ್ದು, ಕಟ್ಟಿಗಿ ಕ್ವಾಣಿದು, ಉಪ್ಪಿನಕಾಯಿ ಕಪಾಟಿಂದು ಅದಾವ್ರಿ. ತಿಜೋರಿದು ಅವರ ಉಡದಾರಕ್ಕ ಐತಿ. ಜಳಕ ಮಾಡುವಾಗ್ಲೂ ಬಿಚ್ಚಂಗಿಲ್ಲ."

೩. ಆರಿದ ಒಲೆ

ಕುರುಗೋಡಿನಲ್ಲಿ ಮತ್ತೊಂದು ಸಭೆ, ಒಬ್ಬ ರೈತರ ಮನೆಯ ಅಂಗಳದಲ್ಲಿ. ನನ್ನ ಹೆಸರು ಕಟ್ಟಕಡೆಗೆ, ಅದೂ "ಸಮಯವಿದ್ದರೆ" ಎಂಬ ಷರತ್ತಿನ ಮೇಲೆ. ಅಧ್ಯಕ್ಷರು ನಮ್ಮ ಮುಖ್ಯಸ್ಥರೇ. ಲೌಡ್‌ಸ್ಪೀಕರನ್ನು ಯಾರೋ ಪುಣ್ಯಾತ್ಮರು ಅಡುಗೆಮನೆಯ ಗೋಡೆಗೇ ಕಟ್ಟಿದ್ದರು. ಒಳಗೆ ಆ ಮನೆಯ ಅಜ್ಜಿ, ಸೊಸೆಯಂದಿರು, ಓಣಿಯ ಹೆಂಗಸರು ಅಷ್ಟೂ ಜನರ ಊಟಕ್ಕೆ ಬೇಯಿಸುತ್ತಿದ್ದರು.

ಅಧ್ಯಕ್ಷರು ಕಾದಂಬರಿಯ ಬಹು ಪ್ರಸಿದ್ಧ ಅಧ್ಯಾಯಕ್ಕೆ ಬಂದರು. ಮನೆಯವರ ಅನ್ಯಾಯ ತಡೆಯಲಾರದೆ ನಾಯಕಿ ಒಂದು ದಿನ ಉರಿಯುವ ಒಲೆಯನ್ನೇ ಆರಿಸಿಬಿಡುತ್ತಾಳೆ. "ಒಂದೇ ಒಂದು ಮಾತಾಡದೆ, ಒಲೆ ಆರಿಸಿ, ಇಡೀ ಮನೆತನವನ್ನು ಮಣಿಸಿದಳು! ಪ್ರತಿ ಹೆಣ್ಣೂ ಈಕೆಯಂತಾಗಬೇಕು!" ಎಂದು ಮೇಜು ಗುದ್ದಿದರು. ಆಮೇಲೆ ಗಡಿಯಾರ ನೋಡಿ, "ಮೇಡಂ ಕ್ಷಮಿಸಬೇಕು, ಸಮಯವಾಯಿತು. ಎಲ್ಲರೂ ಊಟಕ್ಕೆ ಏಳೋಣ" ಎಂದರು.

ನನಗೆ ಅಳುವೇ ಬಂತು. ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದೆ.

ಅಷ್ಟರಲ್ಲಿ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ಹಿಂದೆಯೇ ಉಳಿದ ಹೆಂಗಸರೆಲ್ಲ ಬಂದರು. ಬಂದವರು ಸೀದಾ ವೇದಿಕೆಯ ಮುಂದಿನ ಜಮಖಾನೆಯ ಮೇಲೆ ಕೂತುಬಿಟ್ಟರು.

"ಯಾಕ್ರಮ್ಮಾ, ಎಲಿ ಹಾಕಿದ್ರೇನ್ರಿ?" ಎಂದರು ಅಧ್ಯಕ್ಷರು.

"ಎಲ್ಲಿ ಎಲಿರಿ? ನೀವು ಹೇಳಿದ್ದು ಕೇಳಿ ಒಲಿ ಆರಿಸಿ ಬಂದ್ವಿ. ಈ ಮೇಡಂ ಅಷ್ಟು ದೂರದಿಂದ ಬಂದಾರ. ಅವರೂ ಮಾತಾಡ್ಲಿ" ಎಂದರು ಅಜ್ಜಿ.

"ಅಯ್ಯೋ, ಅದು ಕಾದಂಬರ್ಯಾಗ್ರಿ!"

"ಎಲ್ಲಾರೂ ಹಂಗಾಗ್ರಿ ಅಂದೋರು ನೀವ ಅಲ್ರಿ?"

ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರ ಮುಖ ಹುಳ್ಳಗಾಯಿತು. ಮೈಕನ್ನು ನನ್ನ ಕಡೆ ತಳ್ಳಿ, "ಐದು ನಿಮಿಷದಾಗ ಮುಗಸ್ರಿ ಮೇಡಂ, ಹಸದೀವಿ" ಎಂದು ಬೇಡಿಕೊಂಡರು.

ನಾನು ಎದ್ದು ನಿಂತೆ. ಚೀಲದಿಂದ ಹಾಳೆಗಳನ್ನು ಮತ್ತೆ ಹೊರತೆಗೆದೆ, ಒಳಗೊಳಗೆ ಹಿಗ್ಗೂ ಆಗಿತ್ತು. ಮುಂದೆ ಕೂತ ಅಜ್ಜಿ ಕಾಲು ಚಾಚಿ, ಎಲೆಅಡಿಕೆ ಚೀಲ ಬಿಚ್ಚುತ್ತ ಹೇಳಿದರು:

"ಅವಸರ ಮಾಡಬ್ಯಾಡ ನನ್ನವ್ವ, ಎಲ್ಲಾ ನಿಧಾನಕ್ಕ ಹೇಳು. ಅಕ್ಕಿ ಇನ್ನಾ ತೊಳದಿಲ್ಲ."