ಖಾಲಿ ಕುರ್ಚಿಗಳಿಗೆ ವಂದನಾರ್ಪಣೆ

ನೋಟಿಸ್ ಬೋರ್ಡಿನ ಒಂದು ಹಾಳೆ ಶಾಂತಪ್ಪ ಮಾಸ್ತರರ ಬೆಳಗಿನ ಚಹಾ ಕಹಿ ಮಾಡಿತು. ‘ಗಾಮಾ ಕಿರಣಗಳ ಚದುರುವಿಕೆ: ರೇವತಿ ಮೇಡಂ ಉಪನ್ಯಾಸ’ ಎಂದು ಕುಂಬಳಕಾಯಿಯಂಥ ಅಕ್ಷರ. ಅಡಿಯಲ್ಲಿ ಇರುವೆಯಷ್ಟು ಸಣ್ಣಗೆ, ‘ವಂದನಾರ್ಪಣೆ: ಶಾಂತಪ್ಪ’.

ಸುರಪುರದ ಆ ಕಾಲೇಜಿನಲ್ಲಿ ಅವರು ಹದಿನೆಂಟು ವರ್ಷ ಭೌತಶಾಸ್ತ್ರ ಕಲಿಸಿದ್ದರು. ರೇವತಿ ಬಂದು ಎರಡೇ ವರ್ಷ. ಹೊಸ ಲ್ಯಾಬಿನ ಮುಖ್ಯಸ್ಥರು ಯಾರೆಂದು ಪ್ರಿನ್ಸಿಪಾಲರು ಇಂದು ಉಪನ್ಯಾಸದ ನಂತರ ಹೇಳುವವರಿದ್ದರು. ಸಭಾಂಗಣ ತುಂಬಿದರೆ ಮುಗಿಯಿತು, ಪಟ್ಟ ರೇವತಿಗೇ. ಶಾಂತಪ್ಪನವರ ಹೊಟ್ಟೆಯಲ್ಲಿ ಯಾರೋ ಮೆಣಸಿನಕಾಯಿ ಹುರಿದರು.

ಜವಾನ ಭೀಮುವನ್ನು ಕರೆದರು. “ಯಾರಿಗೂ ಹೇಳಬ್ಯಾಡಪಾ. ಇವತ್ತ ಮೇಡಂ ಗಾಮಾ ಕಿರಣ ಬಿಡೋರದಾರ. ಒಳಗ ಕುಂತವರ ಕೂದಲ ಉದುರತಾವ.”

ಯಾರಿಗೂ ಹೇಳಬೇಡವೆಂದರೆ ಭೀಮು ಯಾರನ್ನೂ ಬಿಡುವವನಲ್ಲ. ಹನ್ನೊಂದಕ್ಕೆ ಕ್ಯಾಂಟೀನಿನ ಜಹೀರುನ್ನೀಸಾ ಕಿರಣ ಹೊಗದಿರಲೆಂದು ಚಹಾದ ಪಾತ್ರೆ ಮುಚ್ಚಿ ಮೇಲೊಂದು ಕಲ್ಲಿಟ್ಟಳು. ಹನ್ನೆರಡಕ್ಕೆ ಹುಣಸಗಿಯಿಂದ ಓದಲು ಬರುವ ಹುಡುಗರೆಲ್ಲ ಬಸ್ ಸ್ಟ್ಯಾಂಡ್ ಸೇರಿದರು.

“ನಿಮಗೇನ್ ಫಿಕರ್ ಇಲ್ಲ ಬಿಡ್ರಿ ಮಾಸ್ತರ,” ಎಂದಳು ಜಹೀರುನ್ನೀಸಾ, ಅವರ ಬೋಳುತಲೆ ನೋಡಿ.

ಎರಡಕ್ಕೆ ಸಭಾಂಗಣದಲ್ಲಿ ಇನ್ನೂರು ಕುರ್ಚಿ, ಒಬ್ಬನೇ ಮನುಷ್ಯ. ರೇವತಿಯ ಮುಖ ಬಾಡುವುದನ್ನು ಹತ್ತಿರದಿಂದ ನೋಡಲೆಂದು ಶಾಂತಪ್ಪ ಮುಂದಿನ ಸಾಲಿನಲ್ಲೇ ಕುಳಿತಿದ್ದರು.

ಮುಖ ಬಾಡಲಿಲ್ಲ. “ನೀವು ಬಂದ್ರಲ್ಲ ಸರ್, ಸಾಕು,” ಎಂದು ಶುರು ಮಾಡಿಯೇಬಿಟ್ಟಳು. “ಸೀಸದ ನ್ಯೂಕ್ಲಿಯಸ್ ಸುತ್ತ ಖಾಲಿ ಜಾಗ ಅಂತೀವಿ. ಖಾಲಿ ಇರಂಗಿಲ್ರಿ. ಗಾಮಾ ಕಿರಣ ಹೊಕ್ಕರ ಅಲ್ಲೊಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಹುಟ್ಟತಾವ. ಹುಟ್ಟಿದ್ದು ಗೊತ್ತಾಗೂದ್ರಾಗ ಕೂಡಿ ಮತ್ತ ಕಿರಣ ಆಗತಾವ. ಆದ್ರ ದಿಕ್ಕು ಬ್ಯಾರೆ. ಅಪರೂಪಕ್ಕೊಂದು, ಬಿಟ್ಟವರ ಕಡೀಗೇ ಹೊರಳತದ.”

ಉಪನ್ಯಾಸ ಮುಗಿದಾಗ ಶಾಂತಪ್ಪ ಎದ್ದು ಖಾಲಿ ಕುರ್ಚಿಗಳಿಗೆ ಮನಸಾರೆ ವಂದನೆ ಸಲ್ಲಿಸಿದರು.

ಆಗ ಮೂಗಿಗೆ ಟವೆಲ್ ಹಿಡಿದು ಪ್ರಿನ್ಸಿಪಾಲ ಭಗವಂತರಾಯರು ಬಾಗಿಲಲ್ಲಿ ಇಣುಕಿದರು. ಅವರದು ಇತಿಹಾಸ ವಿಷಯ. “ಭೇಷ್ ಶಾಂತಪ್ಪ! ಎಲ್ಲಾರೂ ಓಡಿದ್ರು, ನೀವೊಬ್ರೇ ಗಟ್ಟಿ ಕುಂತ್ರಿ. ಇಂಥಾ ಕಿರಣ ಬಿಡಾಕ ಬರೋದು ರೇವತಿ ಮೇಡಂಗಷ್ಟ, ಲ್ಯಾಬಿಗೆ ಅವರೇ ಮುಖ್ಯಸ್ಥರು. ಅವರ ಕೈಕೆಳಗ ದುಡಿಯಾಕ ಯಾರೂ ಒಪ್ಪವಲ್ರು. ಸಹಾಯಕರಂತ ನಿಮ್ಮ ಹೆಸರು ಬರದೀನಿ.”

“ಸರ್, ಕೂದಲ ಉದುರೋದು ಸುಳ್ಳು ಸುದ್ದಿರಿ!”

“ಹೌದಾ? ಹಂಗಾರ ಹಬ್ಬಿಸಿದವರ ಮ್ಯಾಲೆ ಕ್ರಮ ತಗೋಬೇಕಾತು. ಯಾರದು?”

ಪ್ರಿನ್ಸಿಪಾಲರ ಬೆನ್ನ ಹಿಂದಿನಿಂದ ಭೀಮು ಹಲ್ಲು ಕಿರಿದ. “ಹೇಳ್ಲೇನ್ರಿ, ಮಾಸ್ತರ?”

“ದುಡೀತೀನ್ರಿ ಸರ್,” ಎಂದರು ಶಾಂತಪ್ಪ.

ಸಂಜೆ ಶಹಾಪುರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಂತಪ್ಪನವರ ಪಕ್ಕದ ಸೀಟಿಗೆ ಮಾತ್ರ ಯಾರೂ ಬರಲಿಲ್ಲ; ಸುದ್ದಿ ಅವರಿಗಿಂತ ಮೊದಲೇ ಬಸ್ಸು ಹತ್ತಿತ್ತು. ಕೊನೆಗೊಬ್ಬರು ಜನರನ್ನು ಸರಿಸಿಕೊಂಡು ಬಂದರು.

“ಖಾಲಿ ಅದ ಏನ್ರಿ ಸರ್?” ಎಂದಳು ರೇವತಿ.