ಕೌದಿ ಇನ್ನೂ ಉಂಡಿಲ್ಲ

ನಮ್ಮ ಅತ್ತಿಗೆ ಒಮಾನಿನಲ್ಲಿ ಹೊಲಿದ ಕೌದಿಗಳಿಗೆ ಲೆಕ್ಕವಿಲ್ಲ. ತಾನೇ ಮುಗಿಸಿದ್ದು ಮಾತ್ರ ಒಂದೇ ಒಂದು! ಇದನ್ನು ನಾನು ದೂರು ಹೇಳುವ ಹಾಗೆ ಹೇಳುತ್ತಿಲ್ಲ, ಜಂಬದಿಂದಲೇ ಹೇಳುತ್ತಿದ್ದೇನೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಸೀಬ್‌ನ ದರ್ಜಿಗಳು ಇಬ್ಬರಿಗೆ ಹೆದರುತ್ತಿದ್ದರು. ಒಂದು, ಅಂಗಡಿ ತಪಾಸಣೆಗೆ ಬರುವ ಬಲದಿಯಾದವರಿಗೆ, ಅಂದರೆ ಅಲ್ಲಿನ ಮುನಿಸಿಪಾಲಿಟಿಯವರಿಗೆ. ಇನ್ನೊಂದು, ಕೈಚೀಲ ಬೀಸಿಕೊಂಡು ಬರುವ ನಮ್ಮ ಅತ್ತಿಗೆಗೆ. ಬಲದಿಯಾದವರು ಯಾವಾಗಲೋ ಒಮ್ಮೆ ಬರುತ್ತಿದ್ದರು. ಅತ್ತಿಗೆ ವಾರ ವಾರವೂ ಹಾಜರು!

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನಾವು ಉಡುಪಿ ಕಡೆಯ ತುಳುವರು. ನಮ್ಮವರು ಹುಬ್ಬಳ್ಳಿಯಲ್ಲಿ ಹೋಟೆಲು ಇಟ್ಟಿದ್ದರು. ಅಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಣ್ಣ ಆ ಊರಿನ ಹುಡುಗಿಯನ್ನೇ ಮೆಚ್ಚಿ ಮದುವೆಯಾದ. ಆಮೇಲೆ ಒಮಾನಿನ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್ ಕೆಲಸ ಸಿಕ್ಕಿ, ಸೀಬ್‌ನಲ್ಲಿ ಮನೆ ಹಿಡಿದು, ಹೆಂಡತಿಯನ್ನು ಕರೆಸಿಕೊಂಡ. ಬೇರೆಯವರ ಹೆಂಡತಿಯರು ಊರಿನಿಂದ ಬರುವಾಗ ಉಪ್ಪಿನಕಾಯಿ ತರುತ್ತಾರೆ, ಹಪ್ಪಳ ತರುತ್ತಾರೆ. ಅತ್ತಿಗೆ ತಂದದ್ದು ಒಂದು ಸೂಟ್‌ಕೇಸು ತುಂಬ ಚಿಂದಿ!

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಪೆಟ್ಟಿಗೆ ತೆರೆದು ಬೆಚ್ಚಿಬಿದ್ದನಂತೆ. ಬಟ್ಟೆ ಇದೆ, ಆದರೆ ಒಂದೂ ಬಟ್ಟೆಯಲ್ಲ! "ಏಶ್ ಹಾದಾ?" ಎಂದ. ಇದೇನು ಎಂದು ಕೇಳುತ್ತಿದ್ದಾನೆಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಕೌದಿ," ಎಂದಳು ಅತ್ತಿಗೆ.

"ಸೌದಿ?" ಅವನ ಹುಬ್ಬು ಮೇಲೇರಿತು. ಪಾಸ್‌ಪೋರ್ಟ್ ತಿರುವಿ ವೀಸಾ ನೋಡಿದ. "ಲಾ, ಲಾ! ನೋ ಸೌದಿ. ದಿಸ್ ಒಮಾನ್!"

"ಸೌದಿ ಅಲ್ಲೋ ಯಪ್ಪಾ, ಕೌದಿ! ಕೌದಿ!"

ಅವನು ಇನ್ನೊಬ್ಬನನ್ನು ಕರೆದ. ಅವನು ಮೂರನೆಯವನನ್ನು ಕರೆದ. ದಾರಿ ತಪ್ಪಿ ಬೇರೆ ದೇಶಕ್ಕೆ ಇಳಿದ ಈ ಹೆಂಗಸನ್ನು ಏನು ಮಾಡುವುದೆಂದು ಮೂವರೂ ತಲೆ ಕೆಡಿಸಿಕೊಂಡಿರುವಾಗ, ಅತ್ತಿಗೆ ಅಲ್ಲೇ ಎರಡು ಚಿಂದಿ ಜೋಡಿಸಿ, ಹೊದ್ದು ಮಲಗಿ ಗೊರಕೆ ಹೊಡೆಯುವ ಅಭಿನಯ ಮಾಡಿ ತೋರಿಸಿದಳಂತೆ. ಮೂವರೂ ನಕ್ಕು "ಯಲ್ಲಾ, ಯಲ್ಲಾ" ಎಂದು ಕಳಿಸಿದರು. ಹೊರಗೆ ಕಾಯುತ್ತಿದ್ದ ಅಣ್ಣ ಮಾತ್ರ ಅಷ್ಟರಲ್ಲಿ ಅರ್ಧ ಇಳಿದುಹೋಗಿದ್ದ.

ನೀವು ಕೇಳಬಹುದು: ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ದೇಶದಲ್ಲಿ ಕೌದಿ ಯಾಕೆ? ಮದುವೆಯಾಗಿ ಅದೇ ದೇಶದ ನಿಜ್ವಾ ಊರಿಗೆ ಬಂದು, ಮೊದಲ ಸಲ ಅವರ ಮನೆಗೆ ಹೋದಾಗ ನಾನೂ ಕೇಳಿದ್ದೆ. ನಮಗೆ ಕರಾವಳಿಯವರಿಗೆ ಮೈಮೇಲಿನ ಸೀರೆಯೇ ಭಾರ! ಅತ್ತಿಗೆ ಗಡಗಡ ಅಲುಗುತ್ತಿದ್ದ ಎ.ಸಿ. ಕಡೆ ಬೆರಳು ತೋರಿಸಿದಳು. "ಹೊರಗ ಬೆಂಕಿ, ಒಳಗ ಥಂಡಿ. ಇದರ ಮುಂದ ಮಲಗೋ ಕೂಸಿಗೆ ಕೌದಿ ಬ್ಯಾಡೇನು?" ಭಾರವೆಂದ ಸೀರೆಯ ಸೆರಗನ್ನೇ ನಾನಾಗಲೇ ಮೈತುಂಬ ಹೊದ್ದು ನಡುಗುತ್ತಿದ್ದೆ.

ತಂದ ಚಿಂದಿ ಖಾಲಿಯಾದ ಮೇಲೆ ದರ್ಜಿಗಳ ಬೇಟೆ ಶುರುವಾಯಿತು. ಸೂಕಿನ, ಅಂದರೆ ಅಲ್ಲಿನ ಪೇಟೆಯ, ಪಾಕಿಸ್ತಾನಿ ದರ್ಜಿಯ ಅಂಗಡಿಗೆ ಹೋಗಿ, ತನ್ನ ಹುಬ್ಬಳ್ಳಿ ಹಿಂದಿಯಲ್ಲಿ "ಮಾಸ್ಟರ್‌ಜೀ, ನೀಚೆ ಗಿರೇ ಸೋ ತುಕಡೇ ದೇವ್ ನಾ" ಎಂದಳು. ಕೆಳಗೆ ಬಿದ್ದ ಚೂರುಗಳನ್ನು ಆತ ಕೊಟ್ಟ. ಚೀಲ ತುಂಬ ಕೊಟ್ಟ. ಮನೆಗೆ ಬಂದು ಸುರಿದು ನೋಡಿದರೆ ಎಲ್ಲವೂ ಬಿಳಿ! ಒಮಾನಿ ಗಂಡಸರ ದಿಶ್‌ದಾಶ, ಅದೇ ಉದ್ದನೆಯ ನಿಲುವಂಗಿ, ಹೆಚ್ಚಾಗಿ ಬಿಳಿಯೇ ತಾನೇ? "ಬಿಳೇ ಕೌದಿ ಹೊದ್ದು ಮಲಗಿದ್ರ ಮಂದಿ ಹೂವಿನ ಹಾರ ತುಗೊಂಡು ಬರ್ತಾರ!" ಎಂದು ಅತ್ತಿಗೆ ತಲೆಯ ಮೇಲೆ ಕೈ ಹೊತ್ತಳು.

ಬಣ್ಣಕ್ಕಾಗಿ ಅವಳ ಕಣ್ಣು ಮನೆಯೊಳಗೇ ತಿರುಗಿತು. ಒಂದು ಬೆಳಿಗ್ಗೆ ಅಣ್ಣ ಕಪಾಟಿನೊಳಗೆ ತಲೆ ಹಾಕಿ ಕೂಗುತ್ತಿದ್ದ: "ಮಾರಾಯ್ತಿ, ಇವತ್ತು ಜನರಲ್ ಮ್ಯಾನೇಜರ್ ಬರ್ತಾರೆ. ನನ್ನ ನೀಲಿ ಟೈ ಎಲ್ಲುಂಟು?"

"ಹುಡುಕಬ್ಯಾಡ್ರೀ. ಮೂರನೇ ಸಾಲಿನ್ಯಾಗ ಐತಿ, ಹಸಿರು ಚೌಕದ ಬಾಜೂಕ."

"ಅದು ಟೈ ಮಾರಾಯ್ತಿ, ಚಿಂದಿ ಅಲ್ಲ!"

"ಕತ್ತರಿಸೂತನಾ ಟೈ. ಕತ್ತರಿಸಿದ ಮ್ಯಾಲ ಚಿಂದೀನ."

ಇಂಥ ಹೆಂಗಸಿನ ಜೊತೆ ವಾದ ಮಾಡಿ ಗೆದ್ದವರುಂಟೇ? ಅಣ್ಣ ಟೈ ಇಲ್ಲದೆ ಆಫೀಸಿಗೆ ಹೋದ. ಅವನ ಉಳಿದ ಟೈಗಳನ್ನು ಕಾಪಾಡಿದವರು ಪಕ್ಕದ ಮನೆಯ ಒಮಾನಿ ಹೆಂಗಸು. ಅವರ ಮನೆಯ ಹೆಣ್ಣುಮಕ್ಕಳ ಉಡುಪುಗಳಿಂದ ಉಳಿದ ಗಿಳಿಹಸಿರು, ದಾಳಿಂಬೆ ಕೆಂಪು, ಜರಿಯ ಪಟ್ಟಿಗಳ ಗಂಟನ್ನೇ ತಂದು ಅತ್ತಿಗೆಯ ಮಡಿಲಿಗೆ ಹಾಕಿದರು. ಇವಳಿಗೆ ಅರಬ್ಬಿ ಬಾರದು, ಅವರಿಗೆ ಕನ್ನಡ ಬಾರದು. ಆದರೂ ದಿನವಿಡೀ ಮಾತು! ನೆಲದ ಮೇಲೆ ಹರಡಿದ ಚಿಂದಿ ನೋಡಿ ಅವರು "ಜಮೀಲ್, ಜಮೀಲ್" ಎನ್ನುತ್ತಿದ್ದರು. ಅತ್ತಿಗೆ ನನ್ನ ಹತ್ತಿರ ಲೊಚಗುಟ್ಟಿದಳು: "ಪಾಪ, ದೂರ ಇರೋ ಮಗನ್ನ ಭಾಳ ನೆನಸ್ಕೋತಾರ ನೋಡು." ಜಮೀಲ್ ಎಂದರೆ ಚಂದ ಎಂದು ಅಣ್ಣ ಬಿಡಿಸಿ ಹೇಳುವಷ್ಟರಲ್ಲಿ, ಇವಳು ಆ ಇಲ್ಲದ ಮಗನಿಗೆ ರವೆ ಉಂಡೆ ಕಟ್ಟಿ ಕಳಿಸಿಯಾಗಿತ್ತು!

ಕೌದಿಯ ಮೇಲಿನ ಪದರ ಜೋಡಿಸುವ ಕಾಲದಲ್ಲಿ ಆ ಮನೆಗೆ ಹೋಗುವುದೆಂದರೆ ಸಾಹಸ. ಹಾಲಿನ ನೆಲದ ತುಂಬ ಚೌಕ, ತ್ರಿಕೋನ. ಫ್ಯಾನ್ ಹಾಕುವ ಹಾಗಿಲ್ಲ, ಜೋರಾಗಿ ಸೀನುವ ಹಾಗಿಲ್ಲ. ಅಣ್ಣ ಆಫೀಸಿನಿಂದ ಬಂದರೆ ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ಹೊಸ್ತಿಲಿಗೆ ಹಾರಿ ಕೋಣೆ ಸೇರಬೇಕು. ನಡೆದಾಡುವ ಪರವಾನಗಿ ಇದ್ದದ್ದು ಮಕ್ಕಳಿಗೆ ಮಾತ್ರ. ಇಂಡಿಯನ್ ಸ್ಕೂಲಿನ ಬಸ್ಸಿಳಿದ ಆ ಕಟ್ಟಡದ ಮಕ್ಕಳೆಲ್ಲ ತಮ್ಮ ಮನೆಗಿಂತ ಮೊದಲು ಇವಳ ಮನೆಗೇ ನುಗ್ಗುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮಂಗಳೂರಿನ ಕೊಂಕಣಿ ಮಕ್ಕಳು, ಮಲಯಾಳಿ ಮಕ್ಕಳು, ರಜೆಯಲ್ಲಿ ನಿಜ್ವಾದಿಂದ ಹೋದ ನನ್ನ ಮಗಳು, ಎಲ್ಲರೂ ಚಿಂದಿಯ ಮೇಲೆ ಬೋರಲು ಮಲಗಿ ಬಣ್ಣ ಆರಿಸುವವರೇ. "ಆಂಟಿ, ರೆಡ್ ನೆಕ್ಸ್ಟ್ ಟು ಗ್ರೀನ್!" ಎಂದು ಒಬ್ಬಳು ಕೂಗಿದರೆ ಅತ್ತಿಗೆ, "ಇಡವ್ವಾ, ರೆಡ್ಡೇ ಇಡು. ಆದ್ರ ಕನ್ನಡದಾಗ ಇಡು," ಎನ್ನುವಳು. ಅವರು ಇಟ್ಟ ಜಾಗದಿಂದ ಒಂದು ಚೂರನ್ನೂ ಅವಳು ಸರಿಸುತ್ತಿರಲಿಲ್ಲ. ಬೇಕಾದರೆ ನೋಡಿ, ಅವಳ ಕೌದಿಗಳಲ್ಲಿ ಅಲ್ಲಲ್ಲಿ ಒಂದು ಚೌಕ ತಲೆಕೆಳಗಾಗಿರುತ್ತದೆ.

ಈಗ ಮುಗಿಸದ ಕತೆಗೆ ಬರುತ್ತೇನೆ. ಅತ್ತಿಗೆಯ ತವರಿನಲ್ಲಿ ಒಂದು ಪದ್ಧತಿ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದಂತೆ. ಸೀಬ್‌ನಲ್ಲಿ ಜೋಳದ ರೊಟ್ಟಿ ಎಲ್ಲಿಂದ ಬರಬೇಕು? ಅತ್ತಿಗೆ ಖುಬೂಸಿನ, ಅಂದರೆ ಅರಬ್ಬರ ರೊಟ್ಟಿಯ, ಚೂರು ಇಡಿಸುತ್ತಿದ್ದಳು. ಮೊದಲನೆಯ ಸಲ ಇರುವೆಗಳು ಸಾಲುಗಟ್ಟಿ ಊಟಕ್ಕೆ ಬಂದ ಮೇಲೆ, ಕಾವಲಿಯ ಮೇಲೆ ಗರಿಗರಿ ಸುಟ್ಟು ಇಡುವ ಕ್ರಮ ಬಂತು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಆ ಮೂಲೆಯನ್ನು ಮುಚ್ಚುವವಳು ಮಕ್ಕಳೊಂದಿಗಳು ಆಗಿರಬೇಕು. ಅಂದರೆ ಹೆತ್ತವಳು. ನಮ್ಮ ಅತ್ತಿಗೆಗೆ ಮಕ್ಕಳಾಗಲಿಲ್ಲ.

ಹಾಗಾಗಿ ಯಾರ ಮನೆಯ ಮಗುವಿಗೆ ಕೌದಿ ಕೊಟ್ಟರೂ ಒಂದು ಮೂಲೆ ತೆರೆದೇ ಇರುತ್ತಿತ್ತು. ಅಲ್ಲಿ ದಾರ ಪೋಣಿಸಿದ ಸೂಜಿ ಚುಚ್ಚಿಟ್ಟು, ಸುಟ್ಟ ಖುಬೂಸಿನ ಚೂರನ್ನು ಕೈಗಿತ್ತು, "ನೀ ಮುಗಸವಾ," ಎಂದು ಮಗುವಿನ ತಾಯಿಗೆ ಹೇಳಿ ತಾನು ಅವರ ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು. ಅಲ್ಲಿ ಚಹಾ ಮಾಡುವ ನೆಪದಲ್ಲಿ ಪಾತ್ರೆಗಳ ಸದ್ದೋ ಸದ್ದು! ನನ್ನ ಮಗಳ ಕೌದಿಯ ಮೂಲೆಯನ್ನೂ ಹೀಗೆ ನಾನೇ ಹೊಲಿದಿದ್ದೆ. ನಾನು ಕೊನೆಯ ಗಂಟು ಹಾಕುವವರೆಗೂ ಆ ಪಾತ್ರೆಗಳ ಸದ್ದು ನಿಲ್ಲಲಿಲ್ಲ. ಇವಳು ಒಂದೇ ಒಂದು ಕೌದಿಯನ್ನಾದರೂ ತಾನೇ ಮುಗಿಸಬೇಕು ಎಂದು ಅವತ್ತೇ ನನಗೆ ಹಟ ಹುಟ್ಟಿದ್ದು.

ಒಮ್ಮೆ ನಮ್ಮ ಕನ್ನಡಿಗರ ಕೂಟದವರು ಕರಕುಶಲ ಪ್ರದರ್ಶನ ಇಟ್ಟರು. ಸ್ಪಾಂಜಿನ ಗೊಂಬೆ, ಥರ್ಮಾಕೋಲಿನ ತಾಜಮಹಲುಗಳ ನಡುವೆ, ಪರಿಚಯದವರ ಕೂಸಿಗೆಂದು ಅತ್ತಿಗೆ ಹೊಲಿದಿದ್ದ ಕೌದಿ ನೇತಾಡುತ್ತಿತ್ತು. ಎಲ್ಲರೂ ಅದರ ಮುಂದೆಯೇ ನಿಂತಿದ್ದರು, ನನ್ನ ಕತ್ತು ಎರಡಿಂಚು ಉದ್ದವಾಗಿತ್ತು. ಬಹುಮಾನ ಕೊಡಲು ಬಂದ ಮಹಿಳೆ ಕೌದಿಯನ್ನು ಮುಟ್ಟಿ, ಮೆಚ್ಚಿ, ಕೊನೆಗೆ ಮೂಲೆ ಹಿಡಿದು, "ಅಯ್ಯೋ, ಇದು ಇನ್‌ಕಂಪ್ಲೀಟ್ ಅಲ್ವಾ?" ಎಂದರು.

"ಅದು ಬಾಯಿರೀ," ಎಂದಳು ಅತ್ತಿಗೆ ಶಾಂತವಾಗಿ. "ಕೌದಿ ಇನ್ನೂ ಉಂಡಿಲ್ಲ."

ಬಹುಮಾನ ತಾಜಮಹಲಿಗೆ ಹೋಯಿತು. ವಾಪಸು ಬರುವಾಗ ಕಾರಿನಲ್ಲಿ ನಾನು ಸಿಡಿದೆ. "ನೀವೇ ಒಂದು ನಾಲ್ಕು ಹೊಲಿಗೆ ಹಾಕಿದ್ರೆ ಏನಾಗ್ತಿತ್ತು ಅತ್ತಿಗೆ? ಯಾರು ಬೈತಿದ್ರು?"

"ಯಾರೂ ಬೈಯೂದಿಲ್ಲ ತಂಗಿ. ಆದ್ರ ನಾಳೆ ಆ ಕೂಸಿಗೆ ಒಂದು ಕೆಮ್ಮು ಬಂದ್ರ, ನನ್ನ ನಾನ ಬೈಕೋತೀನಿ."

ಬಿ.ಎ.ಯಲ್ಲಿ ಕನ್ನಡ ಓದಿ ಬಂದಿದ್ದ ನಾನು ಕಿಟಕಿಯಾಚೆಯ ಅರಬ್ಬಿ ಬೋರ್ಡುಗಳನ್ನು ಓದಲು ಹೊರಟೆ.

ತೊಂಬತ್ತರ ದಶಕದ ನಡುವಿಗೆ ನನಗೆ ಮಗ ಹುಟ್ಟಿದ. ನಿಜ್ವಾದ ನಮ್ಮ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ದಿನ ಅಣ್ಣ ಅತ್ತಿಗೆ ಬಂದಿಳಿದರು. ಅತ್ತಿಗೆ ಕೌದಿ ಬಿಡಿಸಿದಳು. ನಿಜ ಹೇಳುತ್ತೇನೆ, ಮನೆಯೊಳಗೆ ಲೈಟು ಹಾಕಿದಂತಾಯಿತು! ಪಕ್ಕದ ಮನೆಯವರ ಹಸಿರು, ಕೆಂಪು, ಜರಿ, ನಡುವೆ ತಂಪಾಗಿ ದಿಶ್‌ದಾಶದ ಬಿಳಿ. ಒಂದು ಮೂಲೆ ಎಂದಿನಂತೆ ತೆರೆದಿತ್ತು. ಅವಳು ಸೂಜಿಯನ್ನು ನನ್ನ ಕಡೆ ಚಾಚಿ, "ತುಗೋ, ಮಕ್ಕಳೊಂದಿಗಳು ನೀ. ಮುಗಸು," ಎಂದಳು.

ಎರಡನೇ ಕ್ಲಾಸಿನ ನನ್ನ ಮಗಳು ನಡುವೆ ಬಾಯಿ ಹಾಕಿದಳು. "ಮಕ್ಕಳೊಂದಿಗಳು ಮೀನ್ಸ್ ವಾಟ್, ಮಾಮಿ?"

"ನಿಮ್ಮವ್ವಗ ಕೇಳು. ಆಕಿ ಕನ್ನಡ ಕಲಿತಾಕಿ," ಎಂದು ಅತ್ತಿಗೆ ಸೂಜಿಯನ್ನು ಕೌದಿಗೇ ಚುಚ್ಚಿಟ್ಟು ಅಡಿಗೆಮನೆಯ ಕಡೆ ಹೊರಟಳು.

ನಾನು ಹೇಳುವ ಮೊದಲೇ ಮಗಳು ಬೆರಳು ಮಡಚಿ ಪದವನ್ನು ಒಡೆಯತೊಡಗಿದಳು. ದಿನಾ ಸಂಜೆ ನಾನು ಬೈದು ಬೈದು ಕಲಿಸುತ್ತಿದ್ದ ಪಾಠ ಅದು. "ಮಕ್ಕಳು. ಒಂದಿಗೆ. ವಿತ್ ಚಿಲ್ಡ್ರನ್! ಹಾಗಾದ್ರೆ ಅದು ಮಮ್ಮಿ ಅಲ್ಲ. ಮಾಮಿ! ಮಾಮಿ ಈಸ್ ಆಲ್ವೇಸ್ ವಿತ್ ಚಿಲ್ಡ್ರನ್. ಮಮ್ಮಿ ಈಸ್ ಆಲ್ವೇಸ್ ವಿತ್ ಕಿಚನ್!"

ಅಣ್ಣ ಹೊಟ್ಟೆ ಹಿಡಿದು ನಕ್ಕ. ನನ್ನ ಗಂಡನೂ ನಕ್ಕರು, ಅವರನ್ನು ಆಮೇಲೆ ವಿಚಾರಿಸಿಕೊಂಡೆ. ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಮಗಳು ಸರಿಯೋ ತಪ್ಪೋ ಎಂದು ನನ್ನ ಮುಖ ನೋಡುತ್ತಿದ್ದಳು.

"ಸರಿ ಉಂಟು ಮಗಾ," ಎಂದೆ. "ಪದದಲ್ಲಿ ಹೆತ್ತವಳು ಅಂತ ಎಲ್ಲಿಯೂ ಇಲ್ಲ. ಮಕ್ಕಳ ಒಂದಿಗೆ ಇರುವವಳು, ಅಷ್ಟೇ." ನಾನು ಸೂಜಿ ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡೆ.

"ಕೂಸಿಗೆ ಕೆಮ್ಮು ಬಂದ್ರ?" ಅತ್ತಿಗೆಯ ದನಿ ಸಣ್ಣದಾಗಿತ್ತು. ಅವಳು ಕೇಳಿದ್ದು ನನ್ನನ್ನಲ್ಲ, ಮಗಳನ್ನು.

"ಕಾಫ್ ಸಿರಪ್ ಕೊಡೋಣ," ಎಂದಳು ಮಗಳು.

ಅತ್ತಿಗೆ ಬಂದು ನೆಲದ ಮೇಲೆ ಕೂತಳು. ಮಗಳ ಕೈಯಿಂದಲೇ ಖುಬೂಸಿನ ಚೂರನ್ನು ಮೂಲೆಯೊಳಗೆ ಇಡಿಸಿದಳು, ಸೂಜಿ ತೆಗೆದುಕೊಂಡಳು. ಅಡಿಗೆಮನೆಯಲ್ಲಿ ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ. ಅವಳ ಹೊಲಿಗೆ ನೋಡಿದವರು ಅಳತೆಪಟ್ಟಿ ಇಟ್ಟು ಹೊಲಿದದ್ದೇ ಎಂದು ಕೇಳುತ್ತಾರೆ. ಆ ಒಂದು ಮೂಲೆಯ ಹೊಲಿಗೆ ಮಾತ್ರ ಎಲ್ಲೆಲ್ಲೋ ಓಡಿದೆ, ಸೊಟ್ಟಂಬಟ್ಟ. ಕಣ್ಣ ತುಂಬ ನೀರಿಟ್ಟುಕೊಂಡು ಹೊಲಿದರೆ ಇನ್ನು ಹೇಗೆ ಬಂದೀತು?