ಆರು ಗಂಟೆ ನಿಂತ ನೀರು

ಟೆಸ್ಟಿಂಗು ನನ್ನ ಹೊಟ್ಟೆಪಾಡು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ, ಅವರ ಮುಖ ಸಪ್ಪಗಾಗುವುದನ್ನು ನೋಡಿ ಬದುಕುವವಳು ನಾನು. ಅಂಥವಳಿಗೆ ಒಂದು ಬಾಟಲಿ ನೀರು ಹಿಡಿಯುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ಇದೆಲ್ಲ ಶುರುವಾದದ್ದು ಅತ್ತೆಯ ಗಂಟಲಿನಿಂದ. ಮಗ-ಸೊಸೆಯ ಜೊತೆ ಇರಲೆಂದು ಹುಬ್ಬಳ್ಳಿಯಿಂದ ಅಮೆರಿಕದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿಗೆ ಆರು ತಿಂಗಳಿಗೆಂದು ಬಂದವರು ಎರಡನೇ ತಿಂಗಳಿಗೇ ಕೆಮ್ಮಿ, "ಇಲ್ಲೀ ನೀರು ನನಗ ಒಗ್ಗವಲ್ದವಾ ಸುಮಾ. ವಾಪಸ್ ಹೋಗೂ ಟಿಕೆಟ್ ಜಲ್ದಿ ಮಾಡ್ಸಂತ ಗಿರೀಶಗ ಹೇಳು," ಎಂದುಬಿಟ್ಟರು.

ಅತ್ತೆ ಹೋದರೆ ಜೋಳದ ರೊಟ್ಟಿ ಹೋಯಿತು, ಮಗಳನ್ನು ಸ್ಕೂಲಿನಿಂದ ಕರೆತರುವವರು ಹೋದರು. ಸಂಜೆ ನಾನು ಆಫೀಸಿನ ಸಂಕಟ ತೋಡಿಕೊಂಡರೆ ನನ್ನ ಬಾಸನ್ನು ಹುಬ್ಬಳ್ಳಿ ಭಾಷೆಯಲ್ಲಿ ಜಾಡಿಸುವವರೂ ಹೋದರು! ಅದನ್ನು ಮಾತ್ರ ನಾನು ತಡೆದುಕೊಳ್ಳಲಾರೆ.

"ಅತ್ತೆ, ಇಲ್ಲಿನ ನೀರು ಚೆನ್ನಾಗೇ ಇದೆ. ಲ್ಯಾಬಿಗೆ ಕಳಿಸಿ ಪ್ರೂವ್ ಮಾಡ್ತೀನಿ, ನೋಡ್ತಿರಿ," ಎಂದು ಶಪಥ ಮಾಡಿದೆ.

ಲ್ಯಾಬಿನಿಂದ ಖಾಲಿ ಬಾಟಲಿ ಬಂತು. ನಿಯಮ ಒಂದೇ. ಆರು ಗಂಟೆ ಕಾಲ ಮನೆಯಲ್ಲಿ ಎಲ್ಲೂ ನೀರು ಬಿಡಬಾರದು. ಪೈಪಿನೊಳಗೆ ನಿಂತ ನೀರನ್ನು ಬೆಳಿಗ್ಗೆ ಮೊದಲ ಧಾರೆಯಲ್ಲೇ ಹಿಡಿಯಬೇಕು. ಪೈಪಿನ ಲೋಹವೇನಾದರೂ ನೀರಿಗೆ ಇಳಿಯುತ್ತಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತದಂತೆ.

"ಇವತ್ತು ಮಲಗಿದ ಮೇಲೆ ನಲ್ಲಿ ಬಂದ್ ಅತ್ತೆ," ಎಂದೆ.

ಅತ್ತೆಯ ಕಣ್ಣುಗಳು ಮಿನುಗಿದವು. ವಾರಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಸಂಸಾರ ಮಾಡಿದವರು ಅವರು. ಇಲ್ಲಿ ತಿರುಗಿಸಿದಾಗಲೆಲ್ಲ ನೀರು ಬಂದು ಅವರ ಪ್ರತಿಭೆಗೆ ತುಕ್ಕು ಹಿಡಿದಿತ್ತು. "ನಳ ಬಂದ್ ಅಂತ!" ಎಂದು ಸೆರಗು ಸಿಕ್ಕಿಸಿದವರೇ ಬಕೆಟ್ಟು, ಕುಕ್ಕರು, ಬಾಣಲೆ, ಕೊನೆಗೆ ಮೊಮ್ಮಗಳ ಲಂಚ್ ಡಬ್ಬಿಯನ್ನೂ ತುಂಬಿಸಿದರು. ನನ್ನ ತವರಿನವರು ಕೊಟ್ಟಿದ್ದ ತಾಮ್ರದ ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕಂಠಮಟ್ಟ ತುಂಬಿ ಅಡುಗೆ ಕಟ್ಟೆಯ ಮೇಲಿಟ್ಟರು. ಅಮೆರಿಕಕ್ಕೆ ಬಂದ ಮೇಲೆ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಬೆಳಿಗ್ಗೆ ಎದ್ದು, ಬಾಟಲಿಯ ಮುಚ್ಚಳ ತೆಗೆದು, ಭಕ್ತಿಯಿಂದ ನಲ್ಲಿಯ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ಬಾತ್‌ರೂಮಿನಿಂದ ಭೋರ್ ಎಂದು ಶಬ್ದ. ನನ್ನ ಗಂಡ ಫ್ಲಶ್ ಮಾಡಿದ್ದ!

"ಗಿರೀಶ್!" ಎಂದು ಕಿರುಚಿದೆ.

"ನಲ್ಲಿ ಮುಟ್ಬೇಡಿ ಅಂತ ತಾನೇ ಹೇಳಿದ್ದು? ನಾನು ಮುಟ್ಟಿಲ್ಲ," ಎಂದು ನಿದ್ದೆಗಣ್ಣಲ್ಲೇ ವಕೀಲಿ ಮಾಡಿದ.

ಲ್ಯಾಬಿಗೆ ಬಾಟಲಿ ಒಯ್ಯುವ ಕೊರಿಯರಿನವನು ಇನ್ನೇನು ಬರುವ ಹೊತ್ತು. ಆಗ ನನ್ನ ವೃತ್ತಿಪರ ಬುದ್ಧಿ ಜಾಗೃತವಾಯಿತು. ಬೇಕಾಗಿರುವುದೇನು? ನಮ್ಮ ನಲ್ಲಿಯ ನೀರು, ಆರು ಗಂಟೆ ಅಲುಗಾಡದೆ ನಿಂತಿರಬೇಕು. ಕೊಡದಲ್ಲಿ ಇರುವುದೇನು? ಅದೇ! ಪೈಪಿನಲ್ಲಿ ನಿಂತರೇನು, ಕೊಡದಲ್ಲಿ ನಿಂತರೇನು, ನಿಂತ ನೀರು ನಿಂತ ನೀರೇ. ಸೌಟಿನಿಂದ ತೆಗೆದು ಬಾಟಲಿ ತುಂಬಿಸಿದೆ. ಅತ್ತೆ ಪಕ್ಕದಲ್ಲಿ ನಿಂತು ಸೊಸೆಯ ಜಾಣತನಕ್ಕೆ ತಲೆದೂಗಿದರು.

ಮುಂದಿನ ವಾರ ರಿಪೋರ್ಟು ಬಂತು. ಸೀಸ ಇಲ್ಲ. ತಾಮ್ರ ಮಾತ್ರ ಮಿತಿ ಮೀರಿದೆ!

ನಿಜಕ್ಕೂ ಹೆದರಿದೆ. ಮಗಳು ದಿನಾ ಕುಡಿಯುವ ನೀರು! ಭಯದ ಹಿಂದೆಯೇ ಸಿಟ್ಟು ಬಂತು. "ನಾ ಹೇಳಿದ್ದಿಲ್ಲೇನವಾ," ಎಂದು ಅತ್ತೆ ಸೂಟ್‌ಕೇಸು ಕೆಳಗಿಳಿಸಿದರು. ನಾನು ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ರಣಕಹಳೆ ಊದಿದೆ: ನಮ್ಮ ಪೈಪುಗಳು ಕರಗುತ್ತಿವೆ! ಸಂಜೆಯೊಳಗೆ ಹತ್ತಿರದ ಅಂಗಡಿಯಲ್ಲಿ ನೀರಿನ ಬಾಟಲಿ ಖಾಲಿ. ಮೇಲಿನ ಮನೆಯ ನಸ್ರೀನ್, ಮೈಸೂರಿನವಳು, ಹಬ್ಬದ ನೆಂಟರಿಗೆಂದು ರುಬ್ಬಿಟ್ಟಿದ್ದ ದೋಸೆ ಹಿಟ್ಟನ್ನೆಲ್ಲ ಚೆಲ್ಲಿದಳು.

ಶನಿವಾರ ಅಪಾರ್ಟ್‌ಮೆಂಟಿನ ಮ್ಯಾನೇಜರು ಪ್ಲಂಬರನ್ನು ಕರೆದುಕೊಂಡು ನಮ್ಮ ಅಡುಗೆಮನೆಗೇ ಬಂದರು. ಹಿಂದೆ ಅರ್ಧ ಕಟ್ಟಡವೇ ಬಂತು. ನಾನು ರಿಪೋರ್ಟನ್ನು ಎತ್ತಿ ಹಿಡಿದು, ಬಾಡಿಗೆದಾರರ ಹಕ್ಕುಗಳ ಬಗ್ಗೆ ಇಂಗ್ಲಿಷಿನಲ್ಲಿ ಭಾಷಣ ಆರಂಭಿಸಿದೆ. ಪ್ಲಂಬರ್ ಆಗಲೇ ಎಲ್ಲಿ ಗೋಡೆ ಒಡೆಯಬೇಕೆಂದು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ.

ಆಗ ಅತ್ತೆ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದರು. "ಪಾಪ, ಬಿಸಲಾಗ ಬಂದಾರ. ನಳದ ನೀರು ಬ್ಯಾಡ ಬಿಡ್ರಿ, ನಮ್ಮ ತಾಮ್ರದ ಕೊಡದ್ದು ಕುಡೀರಿ. ಭಾಳ ಚಲೋ ಅದ. ಸುಮಾ ಲ್ಯಾಬಿಗೆ ಕಳಿಸಿದ್ದೂ ಇದರಾಗಿಂದನ!"

ನನ್ನ ಭಾಷಣ ನಿಂತಿತು. ಕಟ್ಟೆಯ ಮೇಲೆ ಕೊಡ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಮುಖ, ತೆರೆದ ಬಾಯಿ ಸಮೇತ, ಕುಂಬಳಕಾಯಿಯಷ್ಟು ಅಗಲವಾಗಿ ಕಾಣಿಸಿತು.

ನಸ್ರೀನ್‌ಗೆ ಕನ್ನಡ ಬರುವುದು ನನ್ನ ದುರ್ದೈವ. "ತಾಮ್ರದ ಕೊಡದಲ್ಲಿ ನೀರಿಟ್ಟು, ಅದರಲ್ಲಿ ತಾಮ್ರ ಇದೆಯಾ ಅಂತ ನೋಡಿದ್ಯೇನೇ? ಅಯ್ಯೋ, ನನ್ನ ದೋಸೆ ಹಿಟ್ಟು!" ಎಂದಳು. ಮ್ಯಾನೇಜರಿಗೆ ಅದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದ ಪುಣ್ಯಾತ್ಮ ನನ್ನ ಗಂಡ. ಫ್ಲಶ್ಶಿನ ವಿಷಯ ಮಾತ್ರ ಬಿಟ್ಟು! ಪ್ಲಂಬರ್ ತನ್ನ ಗೆರೆಯನ್ನು ತಾನೇ ಒರೆಸಿ ಹೋದ.

ಎರಡನೇ ಸಲ ನಿಯಮದ ಪ್ರಕಾರ ಹಿಡಿದೆ. ಗಿರೀಶನನ್ನು ಆ ರಾತ್ರಿ ಪಕ್ಕದೂರು ನೆವಾರ್ಕಿನ ಗೆಳೆಯನ ಮನೆಗೆ ಅಟ್ಟಿದ್ದೆ. ನೀರು ಪರಿಶುದ್ಧ! ರಿಪೋರ್ಟನ್ನು ಅತ್ತೆಯ ಮುಂದಿಟ್ಟು, "ಈಗಲಾದ್ರೂ ಇರ್ತೀರಾ ಅತ್ತೆ? ನೀವು ಹೋದ್ರೆ ನನಗೆ ಆಗಲ್ಲ," ಎಂದೆ.

ಅತ್ತೆ ರಿಪೋರ್ಟಿನ ಕಡೆ ನೋಡಲೂ ಇಲ್ಲ. ನನ್ನನ್ನೇ ಕರುಣೆಯಿಂದ ನೋಡಿದರು.

"ಇರ್ತೀನಿ ಬಿಡವಾ. ನೀರು ಹೆಂಗರ ಇರಲಿ. ಒಂದು ಬಾಟ್ಲಿ ನೀರು ನೆಟ್ಟಗ ತುಂಬಾಕ ಬರದಾಕಿ ಕೈಯಾಗ ನನ್ನ ಮೊಮ್ಮಗಳನ್ನ ಹೆಂಗ ಬಿಟ್ಟು ಹೋಗ್ಲಿ?"

ಅವರು ಮನಸ್ಸು ಬದಲಿಸುವ ಮೊದಲು ಸೂಟ್‌ಕೇಸನ್ನು ಕಪಾಟಿನ ಮೇಲಕ್ಕೇರಿಸಿದೆ. ದಡ್ಡಿ ಅನ್ನಿಸಿಕೊಂಡರೇನಂತೆ, ರೊಟ್ಟಿ ಉಳಿಯಿತಲ್ಲ!